ತೇರಿಗೆ ಪಟ್ಟಿ ಎತ್ತಿದಂಗೆ ಸಾಫ್ಟ್‌ವೇರ್‌ಗೂ ಪಟ್ಟಿ: ನೂರು ರೂಪಾಯಿಯಿಂದ ಆಗೋದೇನು?

ಹೊಳಲು (ಹೂವಿನಹಡಗಲಿ ತಾ.): ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಡಿಟಿಪಿ ಅಂಗಡಿ ಇಟ್ಟವರಿಗೆಲ್ಲ ಈ ತಲೆನೋವು ಗೊತ್ತು. ಅಂಥ ಅಕ್ಷರವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅರವಿಂದ ವಿ.ಕೆ. ಎಂಬ ಕನ್ನಡದ ತಂತ್ರಜ್ಞರು ಬರೆದದ್ದು ಅವುಗಳಲ್ಲಿ ಒಂದು.

ಪುಕ್ಕಟೆ ಸಿಗೋದೇನೋ ಸರಿ. ಆದರೆ ಇಂಥದ್ದನ್ನು ಮಾಡೋರ ಹೊಟ್ಟೆಪಾಡು ಹೇಗೆ? ಅದರಲ್ಲಿ ಹೊಸ ಸೌಲಭ್ಯ ಬೇಕಂದ್ರೆ ಖರ್ಚು ಯಾರು ಹಾಕಬೇಕು? ಇದಕ್ಕಿರುವ ಒಂದು ದಾರಿ ನಮ್ಮ ಕಡೆಯವರಿಗೆ ಹೊಸದೇನಲ್ಲ: ಪಟ್ಟಿ ಎತ್ತೋದು.

ಓಪನ್ ಸೋರ್ಸ್ ಅಂದ್ರೆ

ಸಾಫ್ಟ್‌ವೇರ್‌ನ ಒಳಗಿನ ಬರವಣಿಗೆಗೆ ಸೋರ್ಸ್ ಕೋಡ್ ಅಂತಾರೆ. ದುಡ್ಡಿನ ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯವಾಗಿ ಇದನ್ನು ಮುಚ್ಚಿಡುತ್ತವೆ. ಓಪನ್ ಸೋರ್ಸ್‌ನಲ್ಲಿ ಅದು ಬಯಲಿಗೇ ಇರುತ್ತದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ಲಿಬ್ರೆಆಫೀಸ್, ವಿಎಲ್‌ಸಿ ಪ್ಲೇಯರ್, ಫೈರ್‌ಫಾಕ್ಸ್ ಎಲ್ಲ ಈ ಜಾತಿಯವೇ.

ಪಟ್ಟಿ ಎತ್ತೋದು ಹೇಗೆ?

ಬೇಕಾದ ಸೌಲಭ್ಯ ಯಾವುದು ಅಂತ ಮೊದಲು ಬಳಕೆದಾರರು ಸ್ಪಷ್ಟವಾಗಿ ಬರೆಯುತ್ತಾರೆ. ಕೋಡ್ ಬರೆಯೋರು ಎಷ್ಟು ದಿನದ ಕೆಲಸ, ಎಷ್ಟು ಖರ್ಚು ಅಂತ ಹೇಳುತ್ತಾರೆ. ಆಮೇಲೆ ದುಡ್ಡು ಕೂಡಿಸೋದು. ಒಂದು ಕೆಲಸಕ್ಕೆ 40,000 ರೂ. ಆಗುತ್ತದೆ ಅಂದುಕೊಳ್ಳಿ. ಒಂದು ಅಂಗಡಿಗೆ ಅದು ಭಾರ. 400 ಅಂಗಡಿಯವರು ತಲಾ 100 ರೂ. ಹಾಕಿದರೆ ಮುಗೀತು. ಕೆಲಸ ಆದಮೇಲೆ ಪಟ್ಟಿ ಕೊಟ್ಟವರಿಗೂ ಸಿಗುತ್ತದೆ, ಕೊಡದವರಿಗೂ ಸಿಗುತ್ತದೆ. ತೇರು ಎಳೆಯುವಾಗ ಹಗ್ಗ ಹಿಡಿದವರನ್ನು ರಸೀದಿ ಕೇಳಲ್ಲವಲ್ಲ, ಹಂಗೆ.

7 ವಾರದಲ್ಲಿ 1 ಲಕ್ಷ ಯೂರೋ

ಆನಿಮೇಷನ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಉಳಿದಿದ್ದೇ ಪಟ್ಟಿಯಿಂದ. 2002ರಲ್ಲಿ ಅದರ ನೆದರ್‌ಲ್ಯಾಂಡ್ಸ್ ಕಂಪನಿ ಮುಚ್ಚಿತು. 1 ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಟ್ಟುಕೊಡ್ತೀವಿ ಅಂತ ಹೂಡಿಕೆದಾರರು ಒಪ್ಪಿದರು. ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಬಳಕೆದಾರರನ್ನೇ ಕೇಳಿದರು. 7 ವಾರದಲ್ಲಿ ದುಡ್ಡು ಕೂಡಿತು. ಆ ವರ್ಷದ ಅಕ್ಟೋಬರ್ 13ರಂದು ಕೋಡ್ ಎಲ್ಲರದಾಯಿತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ‘ಫ್ಲೋ’ ಚಿತ್ರ ಇದರಲ್ಲೇ ತಯಾರಾದದ್ದು.

ಚಿತ್ರ ಬಿಡಿಸುವ ಕ್ರಿಟಾ ತಂಡ 2014 ಮತ್ತು 2015ರಲ್ಲಿ ಹೊಸ ಸೌಲಭ್ಯಗಳಿಗೆಂದೇ ಪಟ್ಟಿ ಎತ್ತಿತು. ಯಾವುದು ಮೊದಲು ಬೇಕು ಅಂತ ದುಡ್ಡು ಕೊಟ್ಟವರೇ ಮತ ಹಾಕಿದರು.

ಯಾರೂ ಕೊಡದಿದ್ದರೆ?

ವೆಬ್‌ಸೈಟ್ ವಿಳಾಸದ ಪಕ್ಕದ ಬೀಗದ ಗುರುತಿನ ಹಿಂದೆ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಮುಖ್ಯವಾದದ್ದು. ಲೋಕವೆಲ್ಲ ಬಳಸುತ್ತಿದ್ದರೂ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ. 2014ರಲ್ಲಿ ಅದರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಗಿ, ಪಾಸ್‌ವರ್ಡ್‌ಗಳೂ ಸೋರಬಹುದು ಅಂತ ಗೊತ್ತಾಯಿತು. ದೊಡ್ಡ ಕಂಪನಿಗಳು ಕೈಬಿಚ್ಚಿದ್ದು ಆಮೇಲೆ.

ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ಕೆಲಸಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಪ್ರಕಟಿಸಿತು. ದೊಡ್ಡ ನಿಧಿ ಒಳ್ಳೆಯದೇ. ಆದರೆ ಕನ್ನಡ ಡಿಟಿಪಿಯವರ ಸಣ್ಣ ತೊಂದರೆ ಅದನ್ನು ದಿನಾ ಅನುಭವಿಸೋರಿಗೇ ಗೊತ್ತು. ಕೇಳಬೇಕಾದವರೂ ಅವರೇ.

ಕೊಡೋ ಮುಂಚೆ ನೋಡಿಕೊಳ್ಳಿ

* ಕೋಡ್ ನಿಜವಾಗಿ ಬಯಲಿಗಿದೆಯಾ, ಲೈಸೆನ್ಸ್ ಯಾವುದು ಅಂತ ತಿಳಿದವರನ್ನು ಕೇಳಿ.
* ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್‌ಗೆ ಹಾಕಬೇಡಿ. ಆ ಸಾಫ್ಟ್‌ವೇರ್‌ನ ಸ್ವಂತ ವೆಬ್‌ಸೈಟ್‌ನಲ್ಲಿರುವ ಖಾತೆಗೇ ಹಾಕಿ.
* ಗುರಿ ಮುಟ್ಟದಿದ್ದರೆ ದುಡ್ಡು ವಾಪಸ್ಸಾ, ಬೇರೆ ಕೆಲಸಕ್ಕಾ? ಮೊದಲೇ ಕೇಳಿ.
* ಸೌಲಭ್ಯ ಬಂದಮೇಲೂ ರಿಪೇರಿ ಇದ್ದೇ ಇರುತ್ತದೆ. ಅದಕ್ಕೂ ಸ್ವಲ್ಪ ಎತ್ತಿಡುವ ತಂಡ ನಂಬಿಕಸ್ತ.
* 100 ರೂ. ಕೊಟ್ಟಿದ್ದು ದೇಣಿಗೆ, ಖರೀದಿ ಅಲ್ಲ. ಕೆಲಸ ತಡವಾದರೆ ಕೇಳಬಹುದು, ಜಬರದಸ್ತಿ ಮಾಡೋಕಾಗಲ್ಲ.

ದುಡ್ಡು ಕೊಡೋಕಾಗದವರು ತೊಂದರೆಯನ್ನಾದರೂ ಬರೆದು ತಿಳಿಸಬಹುದು. ಯಾವ ಫಾಂಟ್, ಯಾವ ಒತ್ತಕ್ಷರ ಕೆಡುತ್ತದೆ ಅಂತ ಸ್ಕ್ರೀನ್‌ಶಾಟ್ ಸಮೇತ ಕಳಿಸಿದರೆ ಕೋಡ್ ಬರೆಯೋರಿಗೆ ಅರ್ಧ ಕೆಲಸ ಹಗುರ.