ಸಹಿಷ್ಣುತೆ ಮತ್ತು ಮನಸ್ಸಾಕ್ಷಿಯ ಸ್ವಾತಂತ್ರ್ಯ

ಸಹಿಷ್ಣುತೆಯೆಂಬ ಮಾತು ನಮ್ಮ ಸಾರ್ವಜನಿಕ ಜೀವನದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಆದರೆ ನಮಗೆ ಸಮ್ಮತವಾದುದನ್ನು ಸಹಿಸುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ನಾವು ಪವಿತ್ರವೆಂದು ಬಗೆದುದನ್ನು ಮತ್ತೊಬ್ಬನು ನಮ್ಮಂತೆಯೇ ಆಚರಿಸಲೊಲ್ಲದಿರುವಾಗ ಅವನನ್ನು ಹೇಗೆ ಕಾಣುತ್ತೇವೆ ಎಂಬಲ್ಲಿಯೇ ಆ ಗುಣದ ಪರೀಕ್ಷೆಯಿದೆ. ಅಂತಹ ಪರೀಕ್ಷೆಯೊಂದು ಸ್ವತಂತ್ರ ಭಾರತಕ್ಕೆ ಮೂವರು ಶಾಲಾಮಕ್ಕಳ ಮೂಲಕ ಎದುರಾದುದನ್ನು ಇಲ್ಲಿ ವಿವೇಚಿಸಬಹುದು.

ಕೇರಳದ ಶಾಲೆಯೊಂದರಲ್ಲಿ ಓದುತ್ತಿದ್ದ ಆ ಮಕ್ಕಳು ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು. ತಮ್ಮ ದೇವರ ಪ್ರಾರ್ಥನೆಯ ಹೊರತು ಅನ್ಯ ವಿಧಿಗಳಲ್ಲಿ ಪಾಲ್ಗೊಳ್ಳಬಾರದೆಂಬುದು ಅವರ ಶ್ರದ್ಧೆ. ಬೆಳಗಿನ ಪ್ರಾರ್ಥನಾಸಭೆಯಲ್ಲಿ ಎಲ್ಲರೂ ರಾಷ್ಟ್ರಗೀತೆಯನ್ನು ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1985ರಲ್ಲಿ ಶಾಸಕರೊಬ್ಬರು ಇದನ್ನು ಗಮನಿಸಿ ವಿಧಾನಸಭೆಯಲ್ಲಿ ಪ್ರಸ್ತಾಪಿಸಿದರು. ವಿಚಾರಣಾ ಆಯೋಗವು ಮಕ್ಕಳಿಂದ ಯಾವ ಅಗೌರವವೂ ಆಗಿಲ್ಲವೆಂದು ವರದಿಯಿತ್ತಿತು. ಆದರೂ ಆ ವರ್ಷದ ಜುಲೈನಲ್ಲಿ ಅವರು ಶಾಲೆಯಿಂದ ಹೊರಬೀಳಬೇಕಾಯಿತು. ಉಚ್ಚ ನ್ಯಾಯಾಲಯವೂ ಅವರ ಮೊರೆಯನ್ನು ಪುರಸ್ಕರಿಸಲಿಲ್ಲ.

1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಬೇರೆಯೇ ತೀರ್ಪನ್ನಿತ್ತಿತು. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ಆ ತೀರ್ಪಿನ ಸಾರ ಹೀಗಿದೆ: ರಾಷ್ಟ್ರಗೀತೆಗೆ ಎದ್ದು ನಿಲ್ಲುವುದೇ ಗೌರವ; ಹಾಡದಿರುವುದು ಅಗೌರವವಲ್ಲ. ರಾಷ್ಟ್ರಗೌರವಕ್ಕೆ ಸಂಬಂಧಿಸಿದ 1971ರ ಕಾಯಿದೆಯು ಹಾಡುವವರನ್ನು ತಡೆಯುವುದನ್ನು ಅಪರಾಧವೆನ್ನುತ್ತದೆಯೇ ಹೊರತು ಎಲ್ಲರೂ ಹಾಡಲೇಬೇಕೆಂದು ವಿಧಿಸುವುದಿಲ್ಲ. ಸಂವಿಧಾನದ 19 ಮತ್ತು 25ನೆಯ ವಿಧಿಗಳು ನೀಡಿದ ಹಕ್ಕನ್ನು, ಶಾಸನದ ಆಧಾರವಿಲ್ಲದ ಇಲಾಖೆಯ ಸುತ್ತೋಲೆಯೊಂದು ಮೊಟಕುಗೊಳಿಸಲಾರದು. ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ನ್ಯಾಯಾಲಯವು ಆದೇಶಿಸಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಪಂಥದ ನಂಬಿಕೆ ಯುಕ್ತವೇ ಅಯುಕ್ತವೇ ಎಂಬುದನ್ನು ನ್ಯಾಯಾಲಯವು ತೂಗಲಿಲ್ಲ. ನಂಬಿಕೆ ಪ್ರಾಮಾಣಿಕವಾದುದೇ ಎಂಬುದನ್ನಷ್ಟೇ ನೋಡಿತು. ಬಹುಸಂಖ್ಯಾತರ ಬುದ್ಧಿಗೆ ಒಪ್ಪುವ ಶ್ರದ್ಧೆಗೆ ಮಾತ್ರ ರಕ್ಷಣೆಯೆಂದಾದರೆ ಅದು ಹಕ್ಕಾಗದೆ ಬರಿಯ ಅನುಗ್ರಹವಾಗುತ್ತದೆ. ಅನುಗ್ರಹವನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಹಕ್ಕಿನ ಮಾತು ಹಾಗಲ್ಲ.

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇದೇ ಪಂಥದ ಮಕ್ಕಳು ಧ್ವಜವಂದನೆ ಮಾಡಲೇಬೇಕೆಂದು 1940ರಲ್ಲಿ ತೀರ್ಪಿತ್ತು, ಮೂರೇ ವರ್ಷಗಳಲ್ಲಿ, ಅದೂ ಮಹಾಯುದ್ಧದ ನಡುವೆ, ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಬಲಾತ್ಕಾರದಿಂದ ಏಕಕಂಠ ದೊರೆತೀತು, ಏಕಮನಸ್ಸು ದೊರೆಯಲಾರದು.

ಹಾಗೆಂದು ಈ ಸ್ವಾತಂತ್ರ್ಯಕ್ಕೆ ಎಲ್ಲೆಯಿಲ್ಲವೆಂದಲ್ಲ. ಸಾರ್ವಜನಿಕ ಶಾಂತಿ, ನೀತಿ ಮತ್ತು ಆರೋಗ್ಯಗಳ ಮೇರೆಯನ್ನು 25ನೆಯ ವಿಧಿಯೇ ಹಾಕಿದೆ. ಅನ್ಯರಿಗೆ ಕೇಡು ಬಗೆಯುವ ಆಚರಣೆಯನ್ನು ರಾಜ್ಯವು ತಡೆಯಬೇಕಾದುದೇ. ಆದರೆ ಯಾರಿಗೂ ಬಾಧಕವಾಗದ ಮೌನವನ್ನು ದಂಡಿಸಿ ಮಗುವಿನ ವಿದ್ಯೆಯನ್ನು ಕಸಿದುಕೊಂಡರೆ ರಾಷ್ಟ್ರದ ಗೌರವ ಹೆಚ್ಚುವುದೆಲ್ಲಿ? ಹಾಡುವ ಸಾವಿರ ಕಂಠಗಳ ನಡುವೆ ಸುಮ್ಮನೆ ನಿಂತ ಮೂವರು ಮಕ್ಕಳಿಗೂ ತರಗತಿಯಲ್ಲಿ ಸ್ಥಳವಿರಬೇಕೆಂಬುದನ್ನು ಒಪ್ಪಿಕೊಂಡಾಗಲೇ ಸ್ವತಂತ್ರ ಸಮಾಜವೆಂಬ ಹೆಸರು ಅನ್ವರ್ಥವಾಗುತ್ತದೆ.