ಗುರಿಗೆ ಸಿಗದ ಬಾತು

ಕಾಡು ಬಾತುಗಳಲ್ಲಿ ಹೊಡೆಯಲು ಅತಿ ಕಷ್ಟವಾದದ್ದು ಯಾವುದು? ಬಂದೂಕು ಹಿಡಿದು ಕೆರೆಯಂಗಳಕ್ಕೆ ಇಳಿದವರು ತಲೆಮಾರುಗಳಿಂದ ಈ ಮಾತಿಗೆ ವಾದ ಮಾಡುತ್ತ ಬಂದಿದ್ದಾರೆ. ಒಬ್ಬ ವೇಗದ ಬಾತನ್ನು ಹೆಸರಿಸಿದರೆ ಇನ್ನೊಬ್ಬ ಹುಷಾರಿ ಬಾತನ್ನು ಹೆಸರಿಸುತ್ತಾನೆ. ನಮ್ಮ ದೇಶದಲ್ಲಿ ಈಗ ಕಾಡು ಬಾತಿನ ಬೇಟೆ ಅಪರಾಧ. ಆದರೂ ಪ್ರಶ್ನೆಯನ್ನು ಬದಿಗಿಡಬೇಕಾಗಿಲ್ಲ. ಅದರ ಉತ್ತರ ಹುಡುಕುತ್ತ ಹೋದರೆ ಬಾತಿನ ಕಣ್ಣು, ರೆಕ್ಕೆ, ನಿದ್ದೆ, ಗುಂಪು ಎಲ್ಲವೂ ಅರ್ಥವಾಗುತ್ತ ಹೋಗುತ್ತವೆ.

ಬೆಳಗಾವಿ ಸೀಮೆಯ ನೀರು

ಬೆಳಗಾವಿಯ ರಾಮತೀರ್ಥ ನಗರದಲ್ಲಿ ನಿಂತವರಿಗೆ ಎರಡು ಬೇರೆ ಬೇರೆ ಲೋಕಗಳು ಹತ್ತಿರ. ನೈಋತ್ಯಕ್ಕೆ ಹೋದರೆ ಖಾನಾಪುರದ ಮಳೆಕಾಡು, ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ. ಪೂರ್ವಕ್ಕೆ ಹೋದರೆ ಕರಿಮಣ್ಣಿನ ಬಯಲು, ಬಿಸಿಲು, ಅಗಲವಾದ ಕೆರೆಗಳು. ದಟ್ಟ ಕಾಡಿನ ಹಳ್ಳಗಳು ಬಾತುಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅವಕ್ಕೆ ಬೇಕಾದದ್ದು ತೆರೆದ ಆಕಾಶ, ಆಳವಿಲ್ಲದ ನೀರು, ಅದರಲ್ಲಿ ಬೆಳೆದ ಜೊಂಡು. ಆದ್ದರಿಂದ ಚಳಿಗಾಲದ ಬಾತುಗಳನ್ನು ಹುಡುಕುವವರು ಹಿಡಕಲ್ ಜಲಾಶಯದ ಅಂಚಿಗೆ, ಗೋಕಾಕ ತಾಲೂಕಿನ ಧೂಪದಾಳ ಒಡ್ಡಿನ ಹಿನ್ನೀರಿಗೆ, ನವಿಲುತೀರ್ಥದ ಕಡೆಗೆ ಹೋಗುತ್ತಾರೆ. ಧೂಪದಾಳದ ಹಿನ್ನೀರು ಇಂದು ಘಟಪ್ರಭಾ ಪಕ್ಷಿಧಾಮ.

ಇಲ್ಲಿ ವರ್ಷವಿಡೀ ಇರುವ ಬಾತುಗಳು ಕೆಲವೇ: ಚುಕ್ಕೆ ಕೊಕ್ಕಿನ ಬಾತು, ಸಿಳ್ಳೆ ಬಾತು, ಮರದ ಪೊಟರೆಯಲ್ಲಿ ಗೂಡು ಮಾಡುವ ಪುಟ್ಟ ಕಾಟನ್ ಟೀಲ್. ಉಳಿದವು ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರದಿಂದ ಬರುತ್ತವೆ. ಸೂಜಿಬಾಲದ ಬಾತು, ಸಲಿಕೆ ಕೊಕ್ಕಿನ ಬಾತು, ಬಿಳಿಹುಬ್ಬಿನ ಗಾರ್ಗನಿ, ಕಾಮನ್ ಟೀಲ್, ಕೆಂದಲೆಯ ಪೋಚಾರ್ಡ್, ಚಕ್ರವಾಕ ಇವೆಲ್ಲ ಅತಿಥಿಗಳು. ಸೈಬೀರಿಯಾ ಮತ್ತು ಮಧ್ಯ ಏಷ್ಯಾದ ನೀರು ಹೆಪ್ಪುಗಟ್ಟಿದಾಗ ನಮ್ಮ ಕೆರೆಗಳು ಅವಕ್ಕೆ ಆಸರೆ.

ಬೆಳಗಾವಿ ಬ್ರಿಟಿಷರ ದಂಡಿನ ಊರು. ಬಂದೂಕು ಮತ್ತು ಬಿಡುವು ಎರಡೂ ಇದ್ದ ಅಧಿಕಾರಿಗಳು ಇಲ್ಲಿ ಸಾಕಷ್ಟಿದ್ದರು. ಅವರಲ್ಲಿ ಕೆಲವರು ಹೊಡೆದದ್ದನ್ನು ತಿಂದು ಸುಮ್ಮನಾಗದೆ ಬರೆದೂ ಇಟ್ಟರು. ಇಲ್ಲಿದ್ದ ಕ್ಯಾಪ್ಟನ್ ಇ. ಎ. ಬಟ್ಲರ್ 1881ರಲ್ಲಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಹಕ್ಕಿಗಳ ಪಟ್ಟಿಯನ್ನು ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆಯನ್ನು ನಡೆಸುತ್ತಿದ್ದವನು ಎ. ಒ. ಹ್ಯೂಮ್, 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಅದೇ ಹ್ಯೂಮ್. ಅವನೂ ಮಾರ್ಷಲ್ ಎಂಬವನೂ ಸೇರಿ 1879ರಿಂದ 1881ರ ನಡುವೆ ಭಾರತದ ಬೇಟೆ ಹಕ್ಕಿಗಳ ಬಗ್ಗೆ ಮೂರು ಸಂಪುಟ ತಂದರು. ಮುಂದೆ 1908ರಲ್ಲಿ ಸ್ಟುವರ್ಟ್ ಬೇಕರ್ ಭಾರತದ ಬಾತುಗಳ ಮೇಲೇ ಒಂದು ದೊಡ್ಡ ಗ್ರಂಥ ಬರೆದ. ಅಸ್ಸಾಮಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಈತ ಚಿರತೆಯ ಬಾಯಿಗೆ ಒಂದು ತೋಳನ್ನೇ ಕಳೆದುಕೊಂಡವನು.

ಲೆಕ್ಕ ಏನು ಹೇಳುತ್ತದೆ

ಹಾರುವ ಬಾತಿಗೆ ಹೊಡೆಯುವುದು ಏಕೆ ಕಷ್ಟ ಎಂಬುದನ್ನು ಮೊದಲು ಲೆಕ್ಕದಲ್ಲೇ ನೋಡೋಣ. ಬಾತಿನ ಮೈ ಭಾರ, ರೆಕ್ಕೆ ಕಿರಿದು. ಗಾಳಿಯಲ್ಲಿ ನಿಲ್ಲಬೇಕಾದರೆ ಅದು ವೇಗವಾಗಿ ಹಾರಲೇಬೇಕು, ಹದ್ದಿನ ಹಾಗೆ ತೇಲುವ ಸೌಕರ್ಯ ಅದಕ್ಕಿಲ್ಲ. ಹೆಚ್ಚಿನ ಬಾತುಗಳು ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ ಹಾರುತ್ತವೆ.

ಗಂಟೆಗೆ 70 ಕಿ.ಮೀ. ಎಂದರೆ ಸೆಕೆಂಡಿಗೆ 19 ಮೀಟರಿಗಿಂತ ಹೆಚ್ಚು. ತೋಟಾ ಬಂದೂಕಿನಿಂದ ಹೊರಟ ಚರೆ, ಅಂದರೆ ಸೀಸದ ಸಣ್ಣ ಕಾಳುಗಳು, 35 ಮೀಟರ್ ದೂರ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಬಾತು ಎರಡು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. 35 ಸೆಂ.ಮೀ. ಉದ್ದದ ಟೀಲ್ ಆದರೆ ಅದರ ಮೈಯ ಆರು ಪಟ್ಟು ದೂರ ಅದು. ಬಾತು ಇರುವಲ್ಲಿಗೆ ಗುರಿ ಇಟ್ಟವನ ಏಟು ಬಾಲದ ಹಿಂದಿನ ಖಾಲಿ ಗಾಳಿಗೆ ಬೀಳುತ್ತದೆ. ಬಾತು ಎಲ್ಲಿಗೆ ಬರಲಿದೆಯೋ ಅಲ್ಲಿಗೆ ಹೊಡೆಯಬೇಕು. ಆ ಬಿಂದುವಿನಲ್ಲಿ ಏನೂ ಇಲ್ಲ. ಅದನ್ನು ಊಹೆಯಿಂದಲೇ ಹುಡುಕಬೇಕು.

ಕಣ್ಣೂ ಇಲ್ಲಿ ಮೋಸ ಮಾಡುತ್ತದೆ. ಗಾತ್ರ ದೊಡ್ಡದಿದ್ದರೆ ವೇಗ ಕಡಿಮೆ ಎನ್ನಿಸುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ನಿಧಾನವಾಗಿ ಸಾಗುವಂತೆ ಕಾಣುತ್ತದೆ. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ಉಪಗ್ರಹದ ಮೂಲಕ ಅಳೆಯಲಾದ ಹಕ್ಕಿ ಅದು. ಅದರ ರೆಕ್ಕೆಬಡಿತ ನಿಧಾನ ಇರಬಹುದು, ಓಟ ನಿಧಾನವಲ್ಲ.

ಕಷ್ಟ ಮೂರು ಬಗೆ

ಬೇಟೆಗಾರರ ಜಗಳ ಬಗೆಹರಿಯದಿರಲು ಕಾರಣ ಸರಳ. ಅವರು ಒಂದೇ ಪದದಲ್ಲಿ ಮೂರು ಬೇರೆ ಕಷ್ಟಗಳನ್ನು ಹೇಳುತ್ತಾರೆ. ಹತ್ತಿರ ಹೋಗುವುದು ಒಂದು, ಹಾರುವಾಗ ಹೊಡೆಯುವುದು ಇನ್ನೊಂದು, ಹೊಡೆದದ್ದು ಕೈಗೆ ಸಿಗುವುದು ಮೂರನೆಯದು. ಪ್ರತಿಯೊಂದಕ್ಕೂ ಬೇರೆ ಬೇರೆ ಬಾತು ಮುಂದು.

ಹತ್ತಿರ ಹೋಗಲು ಬಿಡದವು ಎಂದರೆ ಚಕ್ರವಾಕ ಮತ್ತು ಸೂಜಿಬಾಲದ ಬಾತು. ಚಕ್ರವಾಕ ಜೋಡಿಯಾಗಿ ಬಯಲಿನಲ್ಲಿ ನಿಂತಿರುತ್ತದೆ. ಮನುಷ್ಯ ಬಂದೂಕಿನ ಅಳತೆಗೆ ಬರುವ ಮೊದಲೇ ದೊಡ್ಡ ದನಿಯಲ್ಲಿ ಕೂಗಿ ಏಳುತ್ತದೆ. ಅದರ ಕೂಗು ಕೇಳಿ ಕೆರೆಯ ಉಳಿದ ಹಕ್ಕಿಗಳೂ ಎದ್ದುಬಿಡುವುದರಿಂದ ಬೇಟೆಗಾರರು ಅದನ್ನು ಶಪಿಸುತ್ತಿದ್ದರು. ಸೂಜಿಬಾಲದ ಬಾತು ಉದ್ದ ಕತ್ತಿನದು. ಹಗಲೆಲ್ಲ ಕೆರೆಯ ನಟ್ಟನಡುವೆ ಗುಂಪಾಗಿ ಕುಳಿತಿದ್ದು ಕತ್ತಲಾದ ಮೇಲೆ ಮೇವಿಗೆ ಹೋಗುತ್ತದೆ. ಎದ್ದರೆ ನೇರ ಎತ್ತರಕ್ಕೆ ಏರಿ ಚರೆ ತಲುಪದ ಮಟ್ಟದಲ್ಲಿ ಸುತ್ತುತ್ತದೆ.

ಈ ಎಚ್ಚರಕ್ಕೆ ದೇಹದ ಬೆಂಬಲವಿದೆ. ಬಾತಿನ ಕಣ್ಣುಗಳು ತಲೆಯ ಎರಡು ಬದಿಗೆ, ತುಸು ಮೇಲಕ್ಕೆ ಇವೆ. ಹಾಗಾಗಿ ಕತ್ತು ಹೊರಳಿಸದೆಯೇ ಮುಂದೆ, ಹಿಂದೆ, ತಲೆಯ ಮೇಲೆ ಅದಕ್ಕೆ ಕಾಣುತ್ತದೆ. ನಿದ್ದೆಯಲ್ಲೂ ಅದು ಪೂರ್ತಿ ಮೈಮರೆಯುವುದಿಲ್ಲ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಮಲ್ಲಾರ್ಡ್ ಬಾತುಗಳ ಮಿದುಳನ್ನು ಪರೀಕ್ಷಿಸಿತ್ತು. ಸಾಲಿನ ತುದಿಯಲ್ಲಿ ಮಲಗಿದ ಬಾತು ಒಂದು ಕಣ್ಣು ತೆರೆದೇ ಇಟ್ಟು, ಮಿದುಳಿನ ಅರ್ಧಭಾಗವನ್ನು ಮಾತ್ರ ಮಲಗಿಸುತ್ತದೆ. ತೆರೆದ ಕಣ್ಣು ಗುಂಪಿನ ಹೊರಬದಿಗೆ ಇರುತ್ತದೆ. ನಡುವಿನವು ಎರಡೂ ಕಣ್ಣು ಮುಚ್ಚಿ ಮಲಗುವುದು ಹೆಚ್ಚು.

ಈ ಎಚ್ಚರವನ್ನು ಗೆಲ್ಲಲು ಬಂದೂಕಿಲ್ಲದ ಜನ ಒಂದು ಉಪಾಯ ಕಂಡುಕೊಂಡಿದ್ದರು. ಭಾರತದ ಹಲವೆಡೆ ಇದರ ವರ್ಣನೆ ಇದೆ. ಕೆರೆಯಲ್ಲಿ ಖಾಲಿ ಗಡಿಗೆಗಳನ್ನು ಕೆಲವು ದಿನ ತೇಲಬಿಡುವುದು. ಬಾತುಗಳಿಗೆ ಅವು ರೂಢಿಯಾದ ಮೇಲೆ, ಕಣ್ಣಿಗೆ ತೂತು ಕೊರೆದ ಗಡಿಗೆಯನ್ನು ತಲೆಗೆ ಹಾಕಿಕೊಂಡು ಕತ್ತಿನವರೆಗೆ ನೀರಿಗಿಳಿದು, ಬಾತಿನ ಕಾಲು ಹಿಡಿದು ಕೆಳಗೆಳೆಯುವುದು. ಬಂದೂಕಿನ ಸದ್ದಿಗೆ ಏಳುವ ಹಕ್ಕಿ ಗಡಿಗೆಯನ್ನು ಅನುಮಾನಿಸುತ್ತಿರಲಿಲ್ಲ.

ಮೂರನೆಯ ಕಷ್ಟದಲ್ಲಿ ಮುಂದಿರುವವು ಮುಳುಗುವ ಬಾತುಗಳು: ಪೋಚಾರ್ಡ್, ಜುಟ್ಟಿನ ಬಾತು. ಇವುಗಳ ಕಾಲು ಮೈಯ ಹಿಂಭಾಗದಲ್ಲಿವೆ. ನೀರಿನಿಂದ ಏಳುವಾಗ ಒಮ್ಮೆಲೇ ನೆಗೆಯಲಾರದೆ ನೀರಿನ ಮೇಲೆ ಓಡಿ ಏಳುತ್ತವೆ. ಏಟು ತಿಂದು ಬಿದ್ದವು ಮುಳುಗಿ, ಜೊಂಡಿನ ನಡುವೆ ಕೊಕ್ಕಿನ ತುದಿಯಷ್ಟೇ ಮೇಲಿಟ್ಟು ಅಡಗುತ್ತವೆ. ಹೊಡೆದವನ ಲೆಕ್ಕಕ್ಕೆ ಅದು ಸಿಗದ ಹಕ್ಕಿ, ಕೆರೆಯ ಲೆಕ್ಕಕ್ಕೆ ಸತ್ತ ಹಕ್ಕಿ. ಬೇಟೆಯ ದಾಖಲೆಗಳಲ್ಲಿ ಇಂಥವು ಎಣಿಕೆಗೇ ಬರುವುದಿಲ್ಲ.

ಟೀಲ್ ಬಾತಿನ ತಿರುವು

ಇನ್ನು ನಡುವಿನ ಕಷ್ಟ, ಬಂದೂಕಿನ ಅಳತೆಯೊಳಗೆ ಬಂದ ಹಕ್ಕಿಗೆ ಹೊಡೆಯುವುದು. ಪ್ರಶ್ನೆಯ ತಿರುಳು ಇರುವುದು ಇಲ್ಲೇ. ಈ ಪರೀಕ್ಷೆಯಲ್ಲಿ ಸುಲಭದ್ದು ಸಿಳ್ಳೆ ಬಾತು. ಅಗಲ ರೆಕ್ಕೆ ಬಡಿದು ನಿಧಾನ ಹಾರುತ್ತದೆ. ಒಂದು ಸದ್ದಿಗೆ ಎದ್ದು ಸಿಳ್ಳೆ ಹಾಕುತ್ತ ಸುತ್ತಿ ಮತ್ತೆ ಅದೇ ನೀರಿನ ಮೇಲೆ ಬರುತ್ತದೆ. ಸೂಜಿಬಾಲದ್ದೂ ಒಮ್ಮೆ ಹತ್ತಿರ ಸಿಕ್ಕರೆ ನೇರ ದಾರಿಯ ಹಕ್ಕಿ, ಮುಂದಿನ ಬಿಂದುವನ್ನು ಊಹಿಸಬಹುದು.

ಟೀಲ್ ಹಾಗಲ್ಲ. ತೂಕ ಮುನ್ನೂರು ಗ್ರಾಮಿನ ಆಸುಪಾಸು. ನೀರಿನಿಂದ ಕಡ್ಡಿಯಷ್ಟು ನೆಟ್ಟಗೆ ನೆಗೆದು ಏಳುತ್ತದೆ, ಓಟದ ತಯಾರಿ ಬೇಡ. ಎದ್ದ ಗುಂಪು ಒಂದೇ ಮೈಯಂತೆ ಎಡಕ್ಕೆ, ಬಲಕ್ಕೆ, ಕೆಳಕ್ಕೆ ಹೊರಳುತ್ತದೆ. ಯಾವ ಹಕ್ಕಿಗೆ ಗುರಿ ಇಡಬೇಕೆಂದು ತೀರ್ಮಾನಿಸುವಷ್ಟರಲ್ಲಿ ಆ ಹಕ್ಕಿ ಗುಂಪಿನಲ್ಲಿ ಕರಗಿರುತ್ತದೆ. ಇಷ್ಟೊಂದು ಇವೆಯಲ್ಲ ಎಂದು ಗುಂಪಿಗೇ ಹೊಡೆದವನಿಗೆ ಹಲವು ಸಲ ಒಂದೂ ಬೀಳುವುದಿಲ್ಲ, ಏಕೆಂದರೆ ಹಕ್ಕಿಗಳ ನಡುವೆ ಇರುವ ಖಾಲಿ ಜಾಗವೇ ಹೆಚ್ಚು. ಗಾರ್ಗನಿಯ ಹಾರಾಟವೂ ಹಾಗೆಯೇ. ಜಗತ್ತಿನ ಅತಿ ಸಣ್ಣ ಬಾತುಗಳಲ್ಲಿ ಒಂದಾದ ಕಾಟನ್ ಟೀಲ್ ಇನ್ನೂ ಕೆಳಗೆ, ಕೆರೆದಂಡೆಯ ಮರಗಳ ನಡುವೆ ನುಸುಳಿ ಹೋಗುತ್ತದೆ.

ಈ ತಿರುವು ಬಂದೂಕಿಗೆ ಹೆದರಿ ಕಲಿತದ್ದಲ್ಲ. ಬಂದೂಕಿಗೆ ಕೆಲವು ಶತಮಾನಗಳ ವಯಸ್ಸು, ಗಿಡುಗಕ್ಕೆ ಲಕ್ಷಾಂತರ ವರ್ಷಗಳದ್ದು. ಬಾತುಗಳ ಹಿಂದೆಯೇ ಪೆರೆಗ್ರಿನ್ ಗಿಡುಗವೂ ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುತ್ತದೆ. ಮೇಲಿನಿಂದ ಎರಗುವಾಗ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಅಷ್ಟು ವೇಗದ ಶತ್ರುವನ್ನು ಓಡಿ ಗೆಲ್ಲಲಾಗದು, ಹೊರಳಿಯೇ ತಪ್ಪಿಸಿಕೊಳ್ಳಬೇಕು. ಅತಿ ವೇಗದಲ್ಲಿ ಬರುವ ಗಿಡುಗಕ್ಕೆ ಥಟ್ಟನೆ ತಿರುಗಲಾಗುವುದಿಲ್ಲ. ಗುಂಪಿನಿಂದ ಬೇರೆಯಾದ ಹಕ್ಕಿಯನ್ನೇ ಅದು ಆರಿಸುವುದರಿಂದ ಗುಂಪು ಬಿಡದಿರುವುದೂ ಜೀವ ಉಳಿಸುವ ಗುಣ. ನಮ್ಮ ನಾಡಿನವರಿಗೆ ಈ ಆಟ ಬಹಳ ಹಿಂದೆಯೇ ಗೊತ್ತಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಿಡುಗ ಸಾಕಿ ಬೇಟೆಯಾಡುವುದಕ್ಕೇ ಒಂದು ಭಾಗ ಮೀಸಲಾಗಿದೆ.

ಹಾಗಾದರೆ ತೀರ್ಪು ಹೀಗೆ: ಹತ್ತಿರ ಹೋಗಲು ಸೂಜಿಬಾಲ ಮತ್ತು ಚಕ್ರವಾಕ, ಕೈಗೆ ಸಿಗಲು ಪೋಚಾರ್ಡ್, ಗುರಿಗೆ ಮಾತ್ರ ಟೀಲ್. ಹೊಡೆಯಲು ಕಷ್ಟವಾದ ಒಂದೇ ಬಾತನ್ನು ಹೇಳಿ ಎಂದರೆ, ಬೆಳಗಾವಿ ಸೀಮೆಯ ಕೆರೆಗಳ ಮಟ್ಟಿಗೆ, ಗುಂಪಿನಲ್ಲಿ ಹಾರುವ ಟೀಲ್.

ಜಾಣತನ ಕಾಪಾಡಲಿಲ್ಲ

ಕಷ್ಟದ ಹಕ್ಕಿ ತಾನಾಗಿ ಉಳಿಯುತ್ತದೆ ಎಂದುಕೊಂಡರೆ ತಪ್ಪು. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್ಗೊ ಬಂದಿದ್ದಾಗ ಒಂದೇ ದಿನದಲ್ಲಿ 4,273 ಹಕ್ಕಿಗಳು ಸತ್ತವು. ಅಲ್ಲಿ ಯಾರ ಗುರಿಯೂ ದೊಡ್ಡ ಮಾತಾಗಿರಲಿಲ್ಲ. ಹತ್ತಾರು ಬಂದೂಕುಗಳು ಒಟ್ಟಿಗೆ ಗುಂಡು ಹಾರಿಸುವಾಗ, ಕೆರೆಯ ಎಲ್ಲ ಬದಿಯೂ ಮುಚ್ಚಿರುವಾಗ, ಟೀಲ್ ಎಷ್ಟು ಹೊರಳಿದರೂ ಹೋಗುವ ದಾರಿ ಎಲ್ಲಿ? ಅದೇ ಜಾಗ ಇಂದು ಕೇವಲಾದೇವ್ ರಾಷ್ಟ್ರೀಯ ಉದ್ಯಾನ.

ಗುಲಾಬಿ ತಲೆಯ ಬಾತಿನ ಕಥೆ ಇನ್ನೂ ಕಹಿ. ಗಂಗೆ ಮತ್ತು ಬ್ರಹ್ಮಪುತ್ರಾ ಬಯಲಿನ ಎತ್ತರದ ಹುಲ್ಲಿನ ನಡುವಿನ ಕೊಳಗಳಲ್ಲಿ ಅಡಗಿರುತ್ತಿದ್ದ ನಾಚಿಕೆಯ ಹಕ್ಕಿ ಅದು. ಬೇಟೆಗಾರರಿಗೆ ಅಪರೂಪಕ್ಕೆ ಕಾಣುತ್ತಿತ್ತು. 1930ರ ದಶಕದಲ್ಲಿ ಬಿಹಾರದಲ್ಲಿ ಕಂಡದ್ದೇ ಖಚಿತವಾಗಿ ಒಪ್ಪಿದ ಕೊನೆಯ ದಾಖಲೆಗಳಲ್ಲೊಂದು. ಅದು ಕಣ್ಮರೆಯಾಗಲು ಬೇಟೆಯಷ್ಟೇ ಕಾರಣವಲ್ಲ, ಹುಲ್ಲುಗಾವಲು ಮತ್ತು ಜೌಗು ಹೊಲವಾದದ್ದೂ ಕಾರಣ. ನೀರು ಹೋದ ಮೇಲೆ ಎಚ್ಚರದ ಕಣ್ಣು ಏನು ಮಾಡೀತು?

ಕೊಂದ ಏಟಿನ ಆಚೆಗೂ ಬಂದೂಕು ಕೊಲ್ಲುತ್ತದೆ. ಕೆರೆಯ ತಳಕ್ಕೆ ಬಿದ್ದ ಸೀಸದ ಚರೆಯನ್ನು ಬಾತುಗಳು ಮೇವು ಅರೆಯುವ ಹರಳೆಂದು ನುಂಗಿ ವಿಷವೇರಿ ಸಾಯುತ್ತವೆ. ಬೇಟೆಗೆ ಇಂದಿಗೂ ಅನುಮತಿ ಇರುವ ಅಮೆರಿಕ ಕೂಡ 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿದೆ.

ಕಾನೂನು ಮತ್ತು ನಾವು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಪರವಾನಗಿ ಇದ್ದವರಿಗೆ ಸಣ್ಣ ಬೇಟೆಯ ಅವಕಾಶ ಬಿಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. 2022ರ ತಿದ್ದುಪಡಿ ಸಾಮಾನ್ಯ ಉಲ್ಲಂಘನೆಯ ದಂಡದ ಮಿತಿಯನ್ನು 25,000 ರೂಪಾಯಿಯಿಂದ ಒಂದು ಲಕ್ಷಕ್ಕೆ ಏರಿಸಿತು. ಜೈಲುಶಿಕ್ಷೆಯೂ ಇದೆ. ಬಲೆ, ಉರುಲು, ವಿಷದ ಕಾಳು, ಮೊಟ್ಟೆ ಕದಿಯುವುದು ಇವೆಲ್ಲ ಇದೇ ಕಾನೂನಿನೊಳಗೆ ಬರುತ್ತವೆ. ಕಂಡರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.

ಬಂದೂಕು ಇಟ್ಟವರ ಜಾಗದಲ್ಲಿ ಈಗ ದುರ್ಬೀನು ಹಿಡಿದವರಿದ್ದಾರೆ. ಅವರಿಗೂ ಅದೇ ಮೂರು ಕಷ್ಟ: ಹತ್ತಿರ ಹೋಗಲಾಗದ ಸೂಜಿಬಾಲ, ಎಣಿಸುವಷ್ಟರಲ್ಲಿ ಮುಳುಗುವ ಪೋಚಾರ್ಡ್, ಗುಂಪಿನಲ್ಲಿ ಕರಗುವ ಟೀಲ್. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿ ಗಣತಿ ನಡೆಯುತ್ತದೆ, ಅದಕ್ಕೆ ಆಸಕ್ತಿ ಇದ್ದವರೂ ಕೈಜೋಡಿಸಬಹುದು. ಬೆಳಗಾವಿ, ಖಾನಾಪುರ, ಗೋಕಾಕದ ಓದುಗರು ಈ ಚಳಿಗಾಲದಲ್ಲಿ ತಮ್ಮ ಹತ್ತಿರದ ಒಂದು ಕೆರೆಯನ್ನು ಆರಿಸಿಕೊಳ್ಳಲಿ. ಬೆಳಗಿನ ಮೊದಲ ಬೆಳಕಿಗೆ ಹೋಗಿ, ಮಂಕು ಬಣ್ಣದ ಬಟ್ಟೆ ತೊಟ್ಟು, ದಂಡೆಯ ಮರದ ಮರೆಯಲ್ಲಿ ಕುಳಿತು, ಹಕ್ಕಿ ಏಳದಷ್ಟು ದೂರದಿಂದ ಎಣಿಸಿ ಬರೆದಿಡಲಿ. ಎದ್ದ ಹಕ್ಕಿ ಮೇವು ಬಿಟ್ಟು ಶಕ್ತಿ ಸುಡುತ್ತದೆ, ಮರಳಿ ಸಾವಿರಾರು ಕಿ.ಮೀ. ಹಾರಲು ಅದಕ್ಕೆ ಆ ಶಕ್ತಿ ಬೇಕು. ಟೀಲ್ ಗುಂಪನ್ನು ಎಬ್ಬಿಸದೆ ಎಣಿಸಿ ಬರುವುದೇ ಇಂದು ಉಳಿದಿರುವ ನಿಜವಾದ ಗುರಿ ಪರೀಕ್ಷೆ.