ಜಿಪ್ಸಿ ಜಾಝ್ ಗಿಟಾರ್

ಜಿಪ್ಸಿ ಜಾಝ್ ಗಿಟಾರ್ ಎಂಬುದು 1930ರ ದಶಕದಲ್ಲಿ ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ ರೂಪುಗೊಂಡ ಜಾಝ್ ಸಂಗೀತದ ಒಂದು ವಾದನ ಶೈಲಿ. ವಿದ್ಯುತ್ ವರ್ಧನೆಯಿಲ್ಲದ, ಉಕ್ಕಿನ ತಂತಿಗಳ ಅಕೂಸ್ಟಿಕ್ ಗಿಟಾರ್ ಇದರ ಪ್ರಧಾನ ವಾದ್ಯ. ಫ್ರೆಂಚ್ ಭಾಷೆಯಲ್ಲಿ ಇದನ್ನು 'ಜಾಝ್ ಮನೂಶ್' ಎಂದು ಕರೆಯುತ್ತಾರೆ. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ (1910–1953) ಈ ಶೈಲಿಯ ಪ್ರವರ್ತಕ. ಅವರ ನಿಧನಾನಂತರ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಯ ರೋಮಾ ಕುಟುಂಬಗಳಲ್ಲಿ ಉಳಿದು ಬಂದ ಈ ವಾದನವನ್ನು ಇಂದು ಜಗತ್ತಿನ ಹಲವೆಡೆ ಕಲಿಯಲಾಗುತ್ತಿದೆ.

ಹೆಸರು

'ಮನೂಶ್' ಎಂಬುದು ಫ್ರಾನ್ಸಿನಲ್ಲಿ ನೆಲೆಸಿರುವ ರೋಮಾ ಜನಾಂಗದ ಒಂದು ಗುಂಪಿನ ಹೆಸರು. ಜರ್ಮನಿ ಮತ್ತು ನೆದರ್‌ಲ್ಯಾಂಡ್ಸ್‌ಗಳಲ್ಲಿ ಇದೇ ಬಳಗದವರನ್ನು 'ಸಿಂಟಿ' ಎನ್ನುತ್ತಾರೆ. ರೋಮಾನಿ ಭಾಷೆಯು ಇಂಡೋ-ಆರ್ಯನ್ ಭಾಷಾವರ್ಗಕ್ಕೆ ಸೇರಿದ್ದು, ರೋಮಾ ಜನರ ಪೂರ್ವಜರು ಭಾರತದಿಂದ ಪಶ್ಚಿಮಕ್ಕೆ ವಲಸೆ ಹೋದವರು. 'ಮನೂಶ್' ಎಂಬ ಪದ ಕನ್ನಡದಲ್ಲಿಯೂ ಬಳಕೆಯಲ್ಲಿರುವ ಸಂಸ್ಕೃತದ 'ಮನುಷ್ಯ' ಪದಕ್ಕೆ ಸಂಬಂಧಿಸಿದ್ದು, ಅದರ ಅರ್ಥವೂ ಅದೇ ಆಗಿದೆ. 'ಜಿಪ್ಸಿ' ಎಂಬ ಹೆಸರು ಈ ಜನ ಈಜಿಪ್ಟಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಹುಟ್ಟಿತು. ಸಮುದಾಯದ ಅನೇಕರು ಅದನ್ನು ಅವಹೇಳನಕಾರಿ ಎಂದು ಪರಿಗಣಿಸುತ್ತಾರೆ. ಸಂಗೀತ ಪ್ರಕಾರದ ಹೆಸರಾಗಿ ಅದು ಬಳಕೆಯಲ್ಲಿ ಉಳಿದಿದೆ. ಜ್ಯಾಂಗೊ ಬದುಕಿದ್ದ ಕಾಲದಲ್ಲಿ ಈ ಹೆಸರು ಇರಲಿಲ್ಲ. ಅವರ ಸಂಗೀತವನ್ನು ಜಾಝ್ ಅಥವಾ ಸ್ವಿಂಗ್ ಎಂದೇ ಕರೆಯಲಾಗುತ್ತಿತ್ತು.

ಉಗಮ

ಜ್ಯಾಂಗೊ ರೈನ್‌ಹಾರ್ಟ್ 1910ರ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬರ್ಶಿ ಎಂಬ ಹಳ್ಳಿಯಲ್ಲಿ ಜನಿಸಿದರು. ಪ್ಯಾರಿಸ್ಸಿನ ಹೊರವಲಯದ ಬಿಡಾರಗಳಲ್ಲಿ ಬೆಳೆದ ಅವರು ಹದಿಹರೆಯದಲ್ಲಿಯೇ ನೃತ್ಯಶಾಲೆಗಳಲ್ಲಿ ಅಕಾರ್ಡಿಯನ್ ವಾದಕರ ಜೊತೆ ಬ್ಯಾಂಜೊ ನುಡಿಸುತ್ತಿದ್ದರು. 1928ರಲ್ಲಿ ಅವರು ವಾಸವಾಗಿದ್ದ ಬಂಡಿಗೆ ಬೆಂಕಿ ತಗುಲಿತು. ಅವರ ಪತ್ನಿ ಮಾರಾಟಕ್ಕಾಗಿ ತಯಾರಿಸಿದ್ದ ಸೆಲ್ಯುಲಾಯ್ಡ್ ಹೂಗಳು ಹೊತ್ತಿಕೊಂಡು ಬೆಂಕಿ ಬೇಗನೆ ಹರಡಿತು. ಈ ಅವಘಡದಲ್ಲಿ ಅವರ ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಶಾಶ್ವತವಾಗಿ ಊನಗೊಂಡವು. ದೀರ್ಘಕಾಲದ ಚಿಕಿತ್ಸೆಯ ಅವಧಿಯಲ್ಲಿ ಅವರು ಉಳಿದ ಬೆರಳುಗಳಿಗೆ ಹೊಂದುವಂತೆ ಗಿಟಾರ್ ವಾದನವನ್ನು ಮೊದಲಿನಿಂದ ಕಲಿತರು. ಬಳಿಕ ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಜಾಝ್ ಕಡೆಗೆ ಒಲಿದರು.

1934ರಲ್ಲಿ ಪ್ಯಾರಿಸ್ಸಿನಲ್ಲಿ 'ಕ್ವಿಂಟೆಟ್ ದ್ಯು ಹಾಟ್ ಕ್ಲಬ್ ದ ಫ್ರಾನ್ಸ್' ಎಂಬ ಐವರ ವಾದ್ಯವೃಂದ ಸ್ಥಾಪನೆಯಾಯಿತು. ಜ್ಯಾಂಗೊ ಮತ್ತು ಪಿಟೀಲು ವಾದಕ ಸ್ತೆಫಾನ್ ಗ್ರಾಪೆಲಿ ಇದರ ಪ್ರಮುಖರು. ಜ್ಯಾಂಗೊ ಅವರ ತಮ್ಮ ಜೋಸೆಫ್ ಮತ್ತು ರೋಜೆ ಶಾಪು ಲಯದ ಗಿಟಾರ್‌ಗಳನ್ನೂ, ಲೂಯಿ ವೋಲಾ ಡಬಲ್ ಬಾಸ್ ಅನ್ನೂ ನುಡಿಸಿದರು. ಡ್ರಮ್, ಪಿಯಾನೊ, ಕಹಳೆಗಳಿಲ್ಲದೆ ತಂತಿವಾದ್ಯಗಳಿಂದಷ್ಟೇ ಜಾಝ್ ನುಡಿಸಿದ್ದು ಈ ವೃಂದದ ವೈಶಿಷ್ಟ್ಯ. 1937ರಲ್ಲಿ ಧ್ವನಿಮುದ್ರಣಗೊಂಡ 'ಮೈನರ್ ಸ್ವಿಂಗ್' ಇಂದಿಗೂ ಈ ಶೈಲಿಯ ವಾದಕರೆಲ್ಲರೂ ಬಲ್ಲ ಕೃತಿ.

ವಾದ್ಯ

ಗದ್ದಲದ ಸಭಾಂಗಣಗಳಲ್ಲಿ ಗಿಟಾರ್ ಸ್ಪಷ್ಟವಾಗಿ ಕೇಳಿಸಬೇಕೆಂಬುದು ಆ ಕಾಲದ ಅಗತ್ಯವಾಗಿತ್ತು. ಇಟಲಿ ಮೂಲದ ಮಾರಿಯೊ ಮಕ್ಕಾಫೆರಿ ವಿನ್ಯಾಸಗೊಳಿಸಿದ ಗಿಟಾರನ್ನು ಫ್ರಾನ್ಸಿನ ಸೆಲ್ಮರ್ ಕಂಪನಿ 1932ರಿಂದ ತಯಾರಿಸತೊಡಗಿತು. ಮೊದಲಿನ ಮಾದರಿಗಳ ಧ್ವನಿರಂಧ್ರ ದೊಡ್ಡದಾಗಿದ್ದು, ರೋಮನ್ ಲಿಪಿಯ 'ಡಿ' ಅಕ್ಷರದ ಆಕಾರದಲ್ಲಿತ್ತು. ಮಕ್ಕಾಫೆರಿ ಕಂಪನಿಯನ್ನು ಬಿಟ್ಟ ಬಳಿಕ ಬಂದ ಮಾದರಿಯಲ್ಲಿ ರಂಧ್ರವು ಚಿಕ್ಕದಾಗಿ ಅಂಡಾಕಾರ ತಳೆಯಿತು. ತಂತಿಯ ಕಂಪನದ ಉದ್ದ 640 ಮಿಲಿಮೀಟರ್‌ನಿಂದ 670 ಮಿಲಿಮೀಟರ್‌ಗೆ ಹೆಚ್ಚಿತು. ಪಿಟೀಲಿನಲ್ಲಿರುವಂತೆ ಇದರ ಕುದುರೆಯನ್ನು (ಬ್ರಿಡ್ಜ್) ಅಂಟಿಸಿರುವುದಿಲ್ಲ. ತಂತಿಗಳ ಒತ್ತಡದಿಂದಲೇ ಅದು ನಿಲ್ಲುತ್ತದೆ. ನಾದವು ಥಟ್ಟನೆ ಹೊಮ್ಮಿ ಬೇಗನೆ ಇಳಿಯುವುದರಿಂದ ವೇಗದ ನುಡಿಗಳಲ್ಲಿಯೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಸೆಲ್ಮರ್ ಕಂಪನಿ 1952ರಲ್ಲಿ ತಯಾರಿಕೆ ನಿಲ್ಲಿಸುವವರೆಗೆ ಒಂದು ಸಾವಿರಕ್ಕೂ ಕಡಿಮೆ ಗಿಟಾರ್‌ಗಳು ಹೊರಬಂದಿದ್ದವು. ಇಂದು ನುಡಿಸಲಾಗುವ ವಾದ್ಯಗಳಲ್ಲಿ ಬಹುಪಾಲು ಅದೇ ಮಾದರಿಯನ್ನು ಅನುಸರಿಸಿ ಇತರರು ತಯಾರಿಸಿದವು.

ವಾದನ ಕ್ರಮ

ಈ ಶೈಲಿಯಲ್ಲಿ ಗಿಟಾರ್‌ಗೆ ಎರಡು ಕೆಲಸಗಳಿವೆ. ಮೊದಲನೆಯದು ಲಯ. 'ಲಾ ಪೋಂಪ್' ಎನ್ನಲಾಗುವ ಮೀಟುವಿಕೆಯಲ್ಲಿ ನಾಲ್ಕು ಎಣಿಕೆಗಳ ಪ್ರತಿ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ ಒತ್ತು ಬೀಳುತ್ತದೆ. ಮೀಟಿದ ಕೂಡಲೇ ಎಡಗೈ ಬೆರಳುಗಳ ಹಿಡಿತವನ್ನು ಸಡಿಲಿಸಿ ನಾದವನ್ನು ತುಂಡರಿಸಲಾಗುತ್ತದೆ. ಹೀಗೆ ಹುಟ್ಟುವ ಒಣ ಸದ್ದು ಡ್ರಮ್ಮಿನ ಸ್ಥಾನವನ್ನು ತುಂಬುತ್ತದೆ.

ಎರಡನೆಯದು ಏಕವ್ಯಕ್ತಿ ವಾದನ. ಬಲಗೈ ಮಣಿಕಟ್ಟನ್ನು ಬಾಗಿಸಿ, ಕೈಯನ್ನು ಗಿಟಾರಿನ ಮೇಲೆ ಊರದೆ, ಗಟ್ಟಿಯಾದ ದಪ್ಪ ಪಿಕ್‌ನಿಂದ ಮೀಟಬೇಕು. ಕೆಳಮುಖವಾಗಿ ಮೀಟಿದಾಗ ಪಿಕ್ ಪಕ್ಕದ ತಂತಿಯ ಮೇಲೆ ಬಂದು ನಿಲ್ಲುತ್ತದೆ; ಹೊಸ ತಂತಿಗೆ ಹೋದಾಗಲೆಲ್ಲ ಸಾಮಾನ್ಯವಾಗಿ ಕೆಳಮುಖ ಮೀಟಿನಿಂದಲೇ ಆರಂಭಿಸಲಾಗುತ್ತದೆ. ವರ್ಧಕವಿಲ್ಲದೆ ದೊಡ್ಡ ನಾದ ಪಡೆಯಲು ಈ ಕ್ರಮ ನೆರವಾಗುತ್ತದೆ.

ಜ್ಯಾಂಗೊ ಸ್ವರಪಂಕ್ತಿಗಳನ್ನು ಮುಖ್ಯವಾಗಿ ತೋರುಬೆರಳು ಮತ್ತು ನಡುಬೆರಳುಗಳಿಂದ ನುಡಿಸುತ್ತಿದ್ದರು. ಊನಗೊಂಡ ಬೆರಳುಗಳನ್ನು ಕಾರ್ಡ್ (ಸ್ವರಗುಚ್ಛ) ಹಿಡಿಯುವಾಗ ಮೇಲುಸ್ಥಾಯಿಯ ತಂತಿಗಳ ಮೇಲೆ ಒತ್ತಿಡಲು ಮಾತ್ರ ಬಳಸಬಲ್ಲವರಾಗಿದ್ದರು. ಆದ್ದರಿಂದ ಅವರ ಕೈ ಒಂದೇ ಕಡೆ ನಿಲ್ಲದೆ ಗಿಟಾರಿನ ಕೊರಳಿನುದ್ದಕ್ಕೂ ಚಲಿಸುತ್ತಿತ್ತು. ಕಾರ್ಡ್‌ಗಳ ಸ್ವರಗಳನ್ನು ಬಿಡಿಸಿ ಏರಿಳಿಸುವ ಆರ್ಪೆಜಿಯೊಗಳು ಅವರ ಮನೋಧರ್ಮ ವಾದನದ ತಳಹದಿ. ಐದೂ ಬೆರಳು ಸರಿಯಿರುವ ಇಂದಿನ ಅನೇಕ ವಾದಕರೂ ಅವರ ನುಡಿಯ ಬಾಗುಬಳುಕುಗಳನ್ನು ಹಿಡಿಯಲು ಎರಡು ಬೆರಳುಗಳ ಆ ಚಲನೆಯನ್ನು ಅಭ್ಯಾಸ ಮಾಡುತ್ತಾರೆ. ಒಬ್ಬನ ದೈಹಿಕ ಮಿತಿ ಹೀಗೆ ಪರಂಪರೆಯ ವ್ಯಾಕರಣವಾಯಿತು.

ಯುದ್ಧ ಮತ್ತು ಅದರ ನಂತರ

ಎರಡನೆಯ ಮಹಾಯುದ್ಧ ಆರಂಭವಾದಾಗ ವಾದ್ಯವೃಂದ ಇಂಗ್ಲೆಂಡಿನಲ್ಲಿತ್ತು. ಗ್ರಾಪೆಲಿ ಲಂಡನ್ನಿನಲ್ಲಿಯೇ ಉಳಿದರು. ಜ್ಯಾಂಗೊ ಪ್ಯಾರಿಸ್ಸಿಗೆ ಮರಳಿ ಕ್ಲಾರಿನೆಟ್ ಸೇರಿಸಿಕೊಂಡು ಹೊಸ ವೃಂದ ಕಟ್ಟಿದರು. 'ಮೋಡಗಳು' ಎಂಬ ಅರ್ಥದ 'ನ್ಯುಆಜ್' ಕೃತಿ 1940ರಲ್ಲಿ ಧ್ವನಿಮುದ್ರಣಗೊಂಡಿತು. ನಾಜಿಗಳು ಲಕ್ಷಾಂತರ ರೋಮಾ ಜನರನ್ನು ಹತ್ಯೆಗೈದ ಆ ವರ್ಷಗಳಲ್ಲಿ ಜ್ಯಾಂಗೊ ಸ್ವಿಟ್ಜರ್‌ಲ್ಯಾಂಡಿಗೆ ತಪ್ಪಿಸಿಕೊಂಡು ಹೋಗಲು ಮಾಡಿದ ಪ್ರಯತ್ನ ವಿಫಲವಾಯಿತು.

1946ರಲ್ಲಿ ಡ್ಯೂಕ್ ಎಲಿಂಗ್ಟನ್ ಅವರೊಂದಿಗೆ ಅಮೆರಿಕ ಪ್ರವಾಸ ಕೈಗೊಂಡ ಜ್ಯಾಂಗೊ, ಕೊನೆಯ ವರ್ಷಗಳಲ್ಲಿ ವಿದ್ಯುತ್ ಗಿಟಾರ್ ನುಡಿಸಿದರು ಮತ್ತು ಆಗ ಹೊಸದಾಗಿದ್ದ ಬೀಬಾಪ್ ಶೈಲಿಯನ್ನು ಮೈಗೂಡಿಸಿಕೊಂಡರು. 1953ರ ಮೇ 16ರಂದು ನಿಧನರಾದರು.

ಆಧುನಿಕ ವಾದಕರು

ಜ್ಯಾಂಗೊ ನಂತರ ಈ ಸಂಗೀತ ಸ್ವರಲಿಪಿಯ ನೆರವಿಲ್ಲದೆ ಕುಟುಂಬಗಳಲ್ಲಿ ಉಳಿಯಿತು. ಮಕ್ಕಳು ಹಿರಿಯರ ಕೈಯನ್ನು ನೋಡಿ, ಧ್ವನಿಮುದ್ರಿಕೆಗಳನ್ನು ಕೇಳಿ, ಮೊದಲು ಲಯವನ್ನೂ ಬಳಿಕ ರಾಗಧಾಟಿಗಳನ್ನೂ ಕಲಿಯುತ್ತಿದ್ದರು. ಜ್ಯಾಂಗೊ ಕೊನೆಯ ದಿನಗಳನ್ನು ಕಳೆದ ಸಾಮ್ವಾ-ಸುರ್-ಸೇನ್ ಗ್ರಾಮದಲ್ಲಿ 1968ರಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ಆರಂಭವಾಯಿತು.

ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯದ ಬಿರೇಲಿ ಲಾಗ್ರೆನ್ (ಜನನ 1966) ಹದಿಮೂರರ ವಯಸ್ಸಿನಲ್ಲಿ ಮೊದಲ ಆಲ್ಬಮ್‌ನಿಂದ ಪ್ರಸಿದ್ಧರಾದರು. ಮುಂದೆ ಹಲವು ವರ್ಷ ವಿದ್ಯುತ್ ಗಿಟಾರ್ ಮತ್ತು ಜಾಝ್ ಫ್ಯೂಷನ್ ಸಂಗೀತದಲ್ಲಿ ತೊಡಗಿ, 2001ರ 'ಜಿಪ್ಸಿ ಪ್ರಾಜೆಕ್ಟ್' ಆಲ್ಬಮ್ ಮೂಲಕ ಹಳೆಯ ಶೈಲಿಗೆ ಮರಳಿದರು. ನೆದರ್‌ಲ್ಯಾಂಡ್ಸ್‌ನ ಸ್ಟೊಕೆಲೊ ರೋಸೆನ್‌ಬರ್ಗ್ (ಜನನ 1968) ತಮ್ಮ ಬಂಧುಗಳಾದ ನೂಶೆ ಮತ್ತು ನೊನ್ನಿ ಅವರೊಂದಿಗೆ 'ರೋಸೆನ್‌ಬರ್ಗ್ ಟ್ರಿಯೊ' ಕಟ್ಟಿದರು. ಸ್ಟೊಕೆಲೊ ರಚಿಸಿದ 'ಫಾರ್ ಸೆಫೋರಾ' ಈ ಪರಂಪರೆಯ ಮೆಚ್ಚಿನ ಕೃತಿಗಳ ಸಾಲಿಗೆ ಸೇರಿದೆ. ಚಾವೊಲೊ ಶ್ಮಿಟ್, ಆಂಜೆಲೊ ದೆಬಾರ್, ಬೆಲ್ಜಿಯಂನ ಫಾಪಿ ಲಾಫರ್ಟಿನ್ ಇತರ ಪ್ರಮುಖರು. ಟೋನಿ ಗಾಟ್ಲಿಫ್ ನಿರ್ದೇಶನದ 'ಸ್ವಿಂಗ್' (2002) ಚಲನಚಿತ್ರದಲ್ಲಿ ಚಾವೊಲೊ ಶ್ಮಿಟ್ ಗಿಟಾರ್ ಕಲಿಸುವ ಗುರುವಿನ ಪಾತ್ರ ವಹಿಸಿದ್ದಾರೆ.

ರೋಮಾ ಸಮುದಾಯದ ಹೊರಗಿನವರೂ ಈ ಶೈಲಿಯನ್ನು ಬೆಳೆಸಿದ್ದಾರೆ. ಫ್ರಾನ್ಸಿನ ಸ್ತೆಫಾನ್ ರೆಂಬೆಲ್ ಅವರ 'ಬಿಸ್ತ್ರೊ ಫಾದಾ' ಕೃತಿಯನ್ನು ವುಡಿ ಆಲನ್ 2011ರ 'ಮಿಡ್‌ನೈಟ್ ಇನ್ ಪ್ಯಾರಿಸ್' ಚಿತ್ರದಲ್ಲಿ ಬಳಸಿದರು. ಆದ್ರಿಯೆನ್ ಮ್ವಾನ್ಯಾರ್ ಮತ್ತು ಸೆಬಾಸ್ತಿಯೆನ್ ಜಿನಿಯೊ 21ನೆಯ ಶತಮಾನದ ಪೀಳಿಗೆಯ ಹೆಸರಾಂತ ವಾದಕರು.

ಅನುಕರಣೆ ಮತ್ತು ಸ್ವಂತಿಕೆ

ಈ ಪರಂಪರೆಯ ಒಳಗೇ ಒಂದು ದ್ವಂದ್ವವಿದೆ. ಬಹುಪಾಲು ವಾದಕರು ಆದರ್ಶವೆಂದು ಭಾವಿಸುವುದು 1930ರ ದಶಕದ ತಂತಿವಾದ್ಯಗಳ ವೃಂದವನ್ನು. ಜ್ಯಾಂಗೊ ಸ್ವತಃ ಆ ರೂಪವನ್ನು ದಾಟಿ ಬೇರೆ ವಾದ್ಯ, ಬೇರೆ ಶೈಲಿಗಳತ್ತ ಸಾಗಿದ್ದರು. ಅವರ ಸ್ವರಪಂಕ್ತಿಗಳನ್ನು ಯಥಾವತ್ತಾಗಿ ನುಡಿಸುವುದೇ ನಿಷ್ಠೆಯೆಂದು ಕೆಲವರು, ಅವರಂತೆ ಹೊಸದನ್ನು ಅರಸುವುದೇ ನಿಷ್ಠೆಯೆಂದು ಇನ್ನು ಕೆಲವರು ಭಾವಿಸುತ್ತಾರೆ. ಪುಸ್ತಕಗಳು ಮತ್ತು ಅಂತರ್ಜಾಲದ ಪಾಠಗಳು ಬಂದ ಮೇಲೆ ಬಿಡಾರಕ್ಕೆ ಹೋಗದೆಯೂ ವಾದನ ತಂತ್ರವನ್ನು ಕಲಿಯುವುದು ಸಾಧ್ಯವಾಗಿದೆ. ಆದರೆ ಲಾ ಪೋಂಪ್‌ನ ಸೂಕ್ಷ್ಮ ತೂಗಾಟವನ್ನು ಬರೆದಿಡುವುದು ಕಷ್ಟ. ಅದಕ್ಕಾಗಿ ಕಲಿಯುವವರು ಇಂದಿಗೂ ಬಲ್ಲವರ ಪಕ್ಕದಲ್ಲಿ ಕುಳಿತು ಗಂಟೆಗಟ್ಟಲೆ ಲಯದ ಗಿಟಾರ್ ನುಡಿಸುತ್ತಾರೆ.